ಕಲ್ಪನಾ ಚಾವ್ಲಾ: ಮೇಲಕ್ಕೆ ತಲುಪದ ಎಚ್ಚರಿಕೆ

2003ರ ಫೆಬ್ರವರಿ 1, ಶನಿವಾರ. ಬರಗಾಲದ ವರ್ಷ. ಆಗ ನಾನು ಬೈಲಹೊಂಗಲ ಉಪವಿಭಾಗದಲ್ಲಿ ಕಂದಾಯ ಅಧಿಕಾರಿ. ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಬರ ಪರಿಹಾರ ಕಾಮಗಾರಿಗಳನ್ನು ನೋಡಿ ರಾತ್ರಿ ಹಿಂದಿರುಗಿದಾಗ ಮನೆಯವರೆಲ್ಲ ಟಿ.ವಿ. ಮುಂದೆ ಮೌನವಾಗಿ ಕುಳಿತಿದ್ದರು. ಅಮೆರಿಕದ ಕೊಲಂಬಿಯಾ ನೌಕೆ ಭೂಮಿಗಿಳಿಯಲು ಹದಿನಾರು ನಿಮಿಷಗಳಷ್ಟೇ ಉಳಿದಿದ್ದಾಗ ಛಿದ್ರವಾಗಿತ್ತು. ಮಡಿದ ಏಳು ಮಂದಿಯಲ್ಲಿ ಕಲ್ಪನಾ ಚಾವ್ಲಾ ಒಬ್ಬರು.

ಮುಂದಿನ ವಾರ ಕಿತ್ತೂರಿನ ಶಾಲೆಯೊಂದಕ್ಕೆ ಹೋಗಿದ್ದೆ. ಪತ್ರಿಕೆಯಿಂದ ಕತ್ತರಿಸಿದ ಕಲ್ಪನಾ ಅವರ ಚಿತ್ರವನ್ನು ಹೆಣ್ಣುಮಕ್ಕಳು ರಾಣಿ ಚೆನ್ನಮ್ಮನ ಪಟದ ಪಕ್ಕದಲ್ಲಿ ಅಂಟಿಸಿದ್ದರು. ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದವಳು. ಆ ಮಕ್ಕಳಿಗೆ ಇಬ್ಬರ ನಡುವಿನ ಸಾಮ್ಯವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಲ್ಪನಾ ಹುಟ್ಟಿ ಬೆಳೆದದ್ದು ಹರಿಯಾಣದ ಕರ್ನಾಲ್‌ನಲ್ಲಿ. ದೇಶವಿಭಜನೆಯಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದ ಕುಟುಂಬ ಅದು. 1982ರಲ್ಲಿ ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿಮಾನಶಾಸ್ತ್ರದ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. 1988ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1994ರ ಡಿಸೆಂಬರಿನಲ್ಲಿ ನಾಸಾದ ಗಗನಯಾತ್ರಿಯಾಗಿ ಆಯ್ಕೆಯಾದರು.

1997ರ ನವೆಂಬರಿನಲ್ಲಿ ಅವರ ಮೊದಲ ಯಾನ. ಅವರು ಯಾಂತ್ರಿಕ ತೋಳಿನಿಂದ ಹೊರಬಿಟ್ಟ ಸ್ಪಾರ್ಟನ್ ಉಪಗ್ರಹ ಹತೋಟಿ ತಪ್ಪಿತು. ಸಹಯಾತ್ರಿಗಳಿಬ್ಬರು ಹೊರನಡೆದು ಅದನ್ನು ಕೈಯಿಂದ ಹಿಡಿದು ತರಬೇಕಾಯಿತು. ಟೀಕೆಗಳು ಕಲ್ಪನಾ ಅವರನ್ನು ಸುತ್ತುವರಿದವು. ಆದರೆ ತನಿಖೆ ದೋಷವನ್ನು ಒಬ್ಬರ ಮೇಲೆ ಹೊರಿಸದೆ ಕಾರ್ಯವಿಧಾನದ ಲೋಪಗಳನ್ನೂ ಎತ್ತಿ ತೋರಿಸಿತು. ಸಂಸ್ಥೆ ಅವರ ಮೇಲೆ ವಿಶ್ವಾಸ ಕಳೆದುಕೊಳ್ಳಲಿಲ್ಲ. 2000ದಲ್ಲಿ ಎರಡನೇ ಯಾನಕ್ಕೂ ಆರಿಸಿತು.

ಪದೇ ಪದೇ ಮುಂದೂಡಲ್ಪಟ್ಟ ಆ ಯಾನ 2003ರ ಜನವರಿ 16ರಂದು ಹೊರಟಿತು. ಮೇಲೇರಿದ ಸುಮಾರು 82ನೇ ಸೆಕೆಂಡಿನಲ್ಲಿ ಇಂಧನ ತೊಟ್ಟಿಯ ಮೇಲಿನ ಮುಕ್ಕಾಲು ಕಿಲೋದಷ್ಟು ನೊರೆಹೊದಿಕೆ ಕಳಚಿ ಎಡರೆಕ್ಕೆಯ ಅಂಚಿಗೆ ಬಡಿಯಿತು. ರೆಕ್ಕೆಗೆ ಏನಾಗಿದೆ ಎಂದು ತಿಳಿಯಲು ಕಕ್ಷೆಯಲ್ಲಿರುವ ನೌಕೆಯ ಚಿತ್ರ ತೆಗೆಸಬೇಕೆಂದು ಕೆಲವು ಎಂಜಿನಿಯರುಗಳು ಕೋರಿದರು. ಮೇಲಿನವರು ಅಗತ್ಯ ಕಾಣಲಿಲ್ಲ. ನೊರೆ ಹಿಂದೆಯೂ ಎಷ್ಟೋ ಬಾರಿ ಕಳಚಿತ್ತು, ನೌಕೆಗಳು ಸುರಕ್ಷಿತವಾಗಿ ಮರಳಿದ್ದವು. ಅಪಾಯವೇ ವಾಡಿಕೆಯಾಗಿಬಿಟ್ಟಿತ್ತು. ಹದಿನಾರು ದಿನ ಏಳು ಮಂದಿ ಸುಮಾರು ಎಂಬತ್ತು ಪ್ರಯೋಗಗಳಲ್ಲಿ ಮಗ್ನರಾಗಿದ್ದರು. ರೆಕ್ಕೆಗಾದ ಗಾಯ ಹಾಗೆಯೇ ಉಳಿದಿತ್ತು. ಮರಳುವಾಗ ಸುಡುವ ಅನಿಲ ಅದರೊಳಗೆ ನುಗ್ಗಿತು. ಆಗಸ್ಟ್ 2003ರ ತನಿಖಾ ವರದಿ ನೊರೆಯಷ್ಟೇ ಸಂಸ್ಥೆಯ ನಡವಳಿಕೆಯನ್ನೂ ಹೊಣೆ ಮಾಡಿತು. ವೇಳಾಪಟ್ಟಿಯ ಒತ್ತಡವನ್ನೂ ಹೆಸರಿಸಿತು. 1986ರಲ್ಲಿ ಚಾಲೆಂಜರ್ ಹಾರುವ ಹಿಂದಿನ ರಾತ್ರಿಯೂ ಎಂಜಿನಿಯರುಗಳ ಆಕ್ಷೇಪವನ್ನು ಬದಿಗೆ ಸರಿಸಲಾಗಿತ್ತು. ಹದಿನೇಳು ವರ್ಷಗಳಲ್ಲಿ ಆ ಪಾಠ ಮರೆತುಹೋಗಿತ್ತು.

ಆ ವರದಿಯ ಸಾರವನ್ನು ಓದಿದಾಗ ನನಗೆ ನನ್ನದೇ ಒಂದು ಕಡತ ನೆನಪಾಯಿತು. ಹಿಂದೆ ಬೇರೊಂದು ಊರಿನಲ್ಲಿದ್ದಾಗ, ಕೆರೆಯ ಏರಿ ಬಿರುಕು ಬಿಟ್ಟಿದೆ ಎಂದು ಕಿರಿಯ ನೌಕರನೊಬ್ಬ ಟಿಪ್ಪಣಿ ಬರೆದಿದ್ದ. ಪ್ರತಿವರ್ಷದ ಮಾತೆಂದು ಭಾವಿಸಿ ನಾನು ಚರ್ಚಿಸಿ ಎಂದಷ್ಟೇ ಬರೆದು ಸಹಿ ಹಾಕಿದೆ. ಚರ್ಚೆ ನಡೆಯುವ ಮೊದಲೇ ಮಳೆ ಬಂತು. ಜೀವಹಾನಿಯಾಗಲಿಲ್ಲ, ಆದರೆ ಕೆಳಗಿನ ಹೊಲಗಳ ಬೆಳೆ ಕೊಚ್ಚಿಹೋಯಿತು. ನನ್ನ ಆ ಒಂದು ಪದ ಇಂದಿಗೂ ನನ್ನನ್ನು ಚುಚ್ಚುತ್ತದೆ.

ದುರಂತದ ಬೆನ್ನಲ್ಲೇ ನಮ್ಮ ಹವಾಮಾನ ಉಪಗ್ರಹಕ್ಕೆ ಕಲ್ಪನಾ-1 ಎಂದು ಹೆಸರಿಡಲಾಯಿತು. ಯುವ ವಿಜ್ಞಾನಿ ಮಹಿಳೆಯರಿಗಾಗಿ ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿತು. ಇವೆಲ್ಲ ಉಚಿತವೇ. ಆದರೆ ಭಾರತ ಗಗನಯಾನ ಯೋಜನೆಯನ್ನು ಕೈಗೊಂಡಿದೆ, ಅದರ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ. ಕಿತ್ತೂರಿನ ಆ ಶಾಲೆಯಂಥ ಶಾಲೆಗಳಿಂದ ಬಂದ ಹುಡುಗಿಯೊಬ್ಬಳು ನಾಳೆ ಅಲ್ಲಿ ಕಿರಿಯ ಎಂಜಿನಿಯರ್ ಆಗಿರಬಹುದು, ಅನುಮಾನವೊಂದನ್ನು ಬರೆದು ಮೇಲಕ್ಕೆ ಕಳಿಸಬಹುದು. ಅದನ್ನು ಓದುವ ವ್ಯವಧಾನ ಮೇಲಿನವರಿಗೆ ಇರಬೇಕು. ಕಲ್ಪನಾ ಮತ್ತು ಅವರ ಆರು ಸಂಗಾತಿಗಳಿಗೆ ನಾವು ತೀರಿಸಬೇಕಾದ ಋಣ ಅದು.