ದಿನದ ಚಿಂತನೆ: ಅಶೋಕನ ಎರಡು ಚಿಕಿತ್ಸೆಗಳು



ಕೊಪ್ಪದ ನಮ್ಮ ಭಾನುವಾರದ ಕೂಟದಲ್ಲಿ, ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ತಾನು ಪಶುವೈದ್ಯೆಯಾಗಬೇಕು ಎಂದಳು. ಅವಳ ತಂದೆಗೆ ಸಿಟ್ಟು ಬಂತು. ಸತ್ತ ದನ ಎಳೆಯುವುದರಿಂದ ನಮ್ಮನ್ನು ಬಿಡಿಸಲು ಬಾಬಾಸಾಹೇಬರು ಅಷ್ಟು ಹೋರಾಡಿದರು, ಮತ್ತೆ ಕೊಟ್ಟಿಗೆಗೇ ಹೋಗಬೇಕೇ ಎಂಬುದು ಅವರ ನೋವು. ನನ್ನ ಅಜ್ಜನೂ ಅದೇ ಕೆಲಸ ಮಾಡಿದವರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಅಶೋಕ ಚಕ್ರವರ್ತಿಯ ಬದುಕನ್ನು ಮತ್ತೆ ಓದಿದೆ.

ಮೌರ್ಯ ದೊರೆ ಬಿಂದುಸಾರನ ಮಗ ಅಶೋಕ ಕ್ರಿ.ಪೂ. 268ರ ಸುಮಾರಿಗೆ ಪಟ್ಟಕ್ಕೆ ಬಂದ. ಎಂಟು ವರ್ಷವಾದ ಮೇಲೆ ಕಳಿಂಗದ ಮೇಲೆ ಯುದ್ಧ ಮಾಡಿದ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಊರು ಬಿಡಿಸಿ ಒಯ್ದರು. ಈ ಲೆಕ್ಕವನ್ನು ಕಲ್ಲಿನಲ್ಲಿ ಕೊರೆಸಿದವನು ಗೆದ್ದ ಅಶೋಕನೇ.

ಆ ಪಶ್ಚಾತ್ತಾಪ ಬರೀ ಮಾತಾಗಲಿಲ್ಲ. ಅವನ ಎರಡನೆಯ ಶಿಲಾಶಾಸನ ಎರಡು ಬಗೆಯ ಚಿಕಿತ್ಸೆಯನ್ನು ಒಟ್ಟಿಗೇ ಹೇಳುತ್ತದೆ: ಮನುಷ್ಯರಿಗೊಂದು, ಪ್ರಾಣಿಗಳಿಗೊಂದು. ಔಷಧಿಯ ಗಿಡಬೇರುಗಳು ಎಲ್ಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ. ದಾರಿಗುಂಟ ಬಾವಿ ತೋಡಿಸಿ ಮರ ಬೆಳೆಸಿದ್ದೂ ಇಬ್ಬರಿಗಾಗಿಯೇ. ನಮ್ಮ ಗಡಿಯಾಚೆಯ ಎರ್ರಗುಡಿಯ ಬಂಡೆಯ ಮೇಲೆ ಇಂದಿಗೂ ಈ ಶಾಸನವಿದೆ.

ಅವನೂ ಒಂದೇ ದಿನದಲ್ಲಿ ಬದಲಾದವನಲ್ಲ. ಅರಮನೆಯ ಅಡುಗೆಮನೆಯಲ್ಲಿ ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಇನ್ನೂ ಸಾಯುತ್ತಿವೆ ಎಂದು ಒಪ್ಪಿಕೊಂಡ, ಮುಂದೆ ಅದನ್ನೂ ನಿಲ್ಲಿಸುವೆನೆಂದ. ಪಟ್ಟಕ್ಕೆ ಬಂದ 26ನೆಯ ವರ್ಷದಲ್ಲಿ, ಗಬ್ಬದ ಮತ್ತು ಹಾಲೂಡಿಸುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಅವುಗಳ ಮರಿಗಳನ್ನೂ ಕೊಲ್ಲಬಾರದೆಂದು ಆಜ್ಞೆ ಮಾಡಿದ. ಕ್ರಿ.ಪೂ. 232ರ ಸುಮಾರಿಗೆ ತೀರಿಕೊಂಡ. ಆ ದೇವಾನಾಂಪ್ರಿಯನೇ ಅಶೋಕನೆಂದು ಲೋಕಕ್ಕೆ ಖಚಿತವಾದದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ಆ ಎರಡು ಚಿಕಿತ್ಸೆಗಳ ನಂಟು ಗೊತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದು ಮನುಷ್ಯರಿಗೆ ಎಚ್ಚರಿಕೆ. ಮೇಯಲು ಹೋದ ದನದ ಮೈಗೆ ಹತ್ತಿದ ಉಣುಗು ಮನೆ ಬಾಗಿಲಿಗೂ ಬರುತ್ತದೆ. ದನಕ್ಕೂ ಉಣುಗಿನಿಂದ ಬೇರೆ ಜ್ವರಗಳು ಬರುತ್ತವೆ. ನೋವು ಎಲ್ಲೆಂದು ಮೂಕಪ್ರಾಣಿ ಹೇಳದು. ವೈದ್ಯರೇ ಮೈ ಮುಟ್ಟಿ, ಹೊಟ್ಟೆಯ ಸದ್ದು ಆಲಿಸಿ, ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಿಳಿಯಬೇಕು. ಇದನ್ನು ಕಲಿಸುವ ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲೇ ಇದೆ.

ನನ್ನ ಅಜ್ಜನನ್ನು ಕರೆಯುತ್ತಿದ್ದದ್ದು ದನ ಸತ್ತ ಮೇಲೆ. ಬದುಕಿದ್ದಾಗ ಆ ಕೊಟ್ಟಿಗೆಯೊಳಗೆ ಅವರಿಗೆ ಪ್ರವೇಶವಿರಲಿಲ್ಲ. ಬಾಬಾಸಾಹೇಬರು ಬಿಡಿ ಎಂದದ್ದು ಜಾತಿ ಹೊರಿಸಿದ ಆ ಹೀನಾಯವನ್ನು, ಜೀವ ಉಳಿಸುವ ವಿದ್ಯೆಯನ್ನಲ್ಲ. ಅವರು 1956ರ ಅಕ್ಟೋಬರ್ 14ರಂದು ದೀಕ್ಷೆ ಪಡೆಯಲು ಆರಿಸಿಕೊಂಡದ್ದು ಅಶೋಕ ವಿಜಯದಶಮಿಯನ್ನೇ. ನಮ್ಮ ಹುಡುಗಿ ಅದೇ ಕೊಟ್ಟಿಗೆಗೆ ವೈದ್ಯೆಯಾಗಿ ಹೋದರೆ, ಮನೆಯವರು ಅವಳಿಗಾಗಿ ಬಾಗಿಲಲ್ಲಿ ಕಾಯುತ್ತಾರೆ.

ಮುಂದಿನ ಭಾನುವಾರ ಇಷ್ಟನ್ನೇ ಹೇಳಿದೆ. ಆ ತಂದೆ ಇನ್ನೂ ಒಪ್ಪಿಲ್ಲ. ಹೊರಡುವಾಗ ಮಾತ್ರ, ಶಿವಮೊಗ್ಗಕ್ಕೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಸಕಲ ಜೀವಿಗಳಿಗೂ ಒಳಿತಾಗಲಿ. ಜೈ ಭೀಮ್.