ರ‍್ಯಾಕೆಟಿನ ಆಯುಸ್ಸು ಹೆಚ್ಚಿಸಿದ ಲಕೋಸ್ಟ್

ಅಂಗಿಯ ಎದೆಯ ಮೇಲೆ ಕುಳಿತ ಪುಟ್ಟ ಹಸಿರು ಮೊಸಳೆಯನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಆ ಮೊಸಳೆಯ ಒಡೆಯರಾದ ಫ್ರಾನ್ಸಿನ ರೆನೆ ಲಕೋಸ್ಟ್ ಹೆಸರಾಂತ ಟೆನಿಸ್ ಆಟಗಾರರಾಗಿದ್ದರೆಂಬುದನ್ನು ಕೆಲವರು ಬಲ್ಲರು. ಆಟ ಬಿಟ್ಟು ಮೂರು ದಶಕಗಳಾದ ಮೇಲೆ ಅವರು ರ‍್ಯಾಕೆಟಿನ ಆಯುಸ್ಸನ್ನೇ ಹೆಚ್ಚಿಸಿದ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಲಕೋಸ್ಟ್ ಹುಟ್ಟಿದ್ದು 1904ರ ಜುಲೈ 2ರಂದು, ಪ್ಯಾರಿಸಿನಲ್ಲಿ. ಟೆನಿಸ್ ಕಲಿಯತೊಡಗಿದಾಗ ವಯಸ್ಸು ಹದಿನೈದು. ದೇಹ ಗಟ್ಟಿಮುಟ್ಟಾದುದಲ್ಲ, ಎದುರಾಳಿಗಳ ಆಟವನ್ನು ಗಮನಿಸಿ ಪುಸ್ತಕದಲ್ಲಿ ಬರೆದಿಟ್ಟು ಅಭ್ಯಾಸ ಮಾಡಿದರು. 1925 ಮತ್ತು 1928ರಲ್ಲಿ ವಿಂಬಲ್ಡನ್, 1926 ಹಾಗೂ 1927ರಲ್ಲಿ ಅಮೆರಿಕದ ಪ್ರಶಸ್ತಿ, ತಮ್ಮ ನಾಡಿನಲ್ಲಿ ಮೂರು ಬಾರಿ ಗೆಲುವು. 1927ರಲ್ಲಿ ಟಿಲ್ಡನ್‌ರಂಥ ಟಿಲ್ಡನ್‌ರನ್ನೇ ಸೋಲಿಸಿ ಡೇವಿಸ್ ಕಪ್ ಫ್ರಾನ್ಸಿಗೆ ಬರುವಂತೆ ಮಾಡಿದರು. 1929ರ ಬಳಿಕ ಅನಾರೋಗ್ಯ ಅವರನ್ನು ಅಂಗಳದಿಂದ ದೂರವಿಟ್ಟಿತು. ಆಗಿನ್ನೂ ಇಪ್ಪತ್ತೈದು ವರ್ಷ!

ಆ ಎಲ್ಲ ಗೆಲುವುಗಳೂ ಮರದ ರ‍್ಯಾಕೆಟಿನವು. ಮರವೆಂದರೆ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಸೊಟ್ಟಗಾಗುತ್ತದೆ. ಆಟಿ ತಿಂಗಳಲ್ಲಿ ಉಬ್ಬಿದ ಕದವನ್ನು ಮುಚ್ಚಲು ಹೆಣಗಿದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಅದಕ್ಕೆಂದೇ ಆಟ ಮುಗಿದೊಡನೆ ರ‍್ಯಾಕೆಟನ್ನು ನಾಲ್ಕು ತಿರುಪುಗಳ ಚೌಕಟ್ಟಿನಲ್ಲಿ ಬಿಗಿದಿಡುತ್ತಿದ್ದರು. ಇಷ್ಟಾದರೂ ಪೆಟ್ಟು ತಿಂದು ತಿಂದು ಮರದ ಬಿಗುವು ಸಡಿಲುತ್ತದೆ. ಕಣ್ಣಿಗೆ ಕಾಣದ ಈ ಮುಪ್ಪು ಆಡುವ ಕೈಗೆ ತಿಳಿಯುತ್ತದೆ. ತಂತಿಯ ಲೆಕ್ಕ ಬೇರೆ. ವಾರಕ್ಕೆ ಎಷ್ಟು ದಿನ ಆಡುವರೋ ವರ್ಷಕ್ಕೆ ಅಷ್ಟು ಸಲ ತಂತಿ ಬದಲಿಸಬೇಕೆಂದು ಆಟಗಾರರ ರೂಢಿ. ರ‍್ಯಾಕೆಟಿಗೆ ಅಂಥ ಪಂಚಾಂಗವಿಲ್ಲ.

1960ರ ದಶಕದಲ್ಲಿ ಲಕೋಸ್ಟ್ ಉಕ್ಕಿನ ಕೊಳವೆಯಿಂದ ರ‍್ಯಾಕೆಟ್ ರೂಪಿಸಿದರು. ಚೌಕಟ್ಟಿಗೆ ತೂತು ಕೊರೆಯದೆ, ಸುತ್ತಲೂ ಸುತ್ತಿದ ಲೋಹದ ಸರಿಗೆಯಲ್ಲಿ ತಂತಿಗಳನ್ನು ಕೋಯಿಸಿದರು. ಮಳೆಗೆ ಸೊಟ್ಟಗಾಗುವ ಭಯವಿಲ್ಲ, ಚೆಂಡು ಚಿಮ್ಮುವ ವೇಗವೂ ಹೆಚ್ಚು. ಅಮೆರಿಕದ ವಿಲ್ಸನ್ ಕಂಪೆನಿ 1967ರಲ್ಲಿ ಇದನ್ನು ಟಿ-2000 ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು.

ಆದರೆ ವೇಗ ಬಂದಲ್ಲಿ ಹತೋಟಿ ತಪ್ಪಿತು. ಬಿಲ್ಲಿನಂತೆ ಚಿಮ್ಮುವ ಆ ಉಕ್ಕು ಎಲ್ಲರ ಕೈಗೂ ಒಗ್ಗಲಿಲ್ಲ. ಕೊಂಡವರಲ್ಲಿ ಹಲವರು ಮರಕ್ಕೇ ಮರಳಿದರು. ಒಗ್ಗಿದ್ದು ಜಿಮ್ಮಿ ಕಾನರ್ಸ್‌ಗೆ. 1974ರಲ್ಲಿ ವಿಂಬಲ್ಡನ್ ಗೆದ್ದದ್ದು ಇದರಿಂದ, ಎಂಟು ವರ್ಷಗಳ ಬಳಿಕ 1982ರಲ್ಲಿ ಮತ್ತೆ ಗೆದ್ದದ್ದೂ ಇದೇ ಮಾದರಿಯಿಂದ. ಜೊತೆಯವರು ಹೊಸ ಹೊಸ ಗ್ರಾಫೈಟ್ ರ‍್ಯಾಕೆಟುಗಳಿಗೆ ಬದಲಾಗುತ್ತಿದ್ದರೆ, ಕಾನರ್ಸ್ ತಯಾರಿಕೆ ನಿಂತ ಮೇಲೂ ಹಳೆಯ ಟಿ-2000ಗಳನ್ನೇ ಹುಡುಕಿ ತರಿಸುತ್ತಿದ್ದರು. ಹಟಮಾರಿತನವೆನ್ನಬಹುದು, ಕೈ ಪಳಗಿದ ಹತಾರವನ್ನು ಬಿಡಲೊಲ್ಲದ ನಮ್ಮ ಬಡಗಿಗಳನ್ನು ಬಲ್ಲ ನಾನು ಹಾಗೆನ್ನಲಾರೆ.

ಲಕೋಸ್ಟ್ 1996ರ ಅಕ್ಟೋಬರ್ 12ರಂದು, ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ವೇಳೆಗೆ ದೊಡ್ಡ ಪಂದ್ಯಗಳಲ್ಲಿ ಮರವೂ ಇರಲಿಲ್ಲ, ಅವರ ಉಕ್ಕೂ ಇರಲಿಲ್ಲ.