ಎಂಟಡಿ ಉದ್ದದ ಕೈ

ಬೆಂಜಮಿನ್ ಫ್ರಾಂಕ್ಲಿನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಗಾಳಿಪಟ, ಸಿಡಿಲು, ಮಿಂಚುವಾಹಕ. ಈ ಸಲ ನಾವು ಹೇಳ್ತಿರೋದು ಮುಪ್ಪಿನ ಫ್ರಾಂಕ್ಲಿನ್ ಬಗ್ಗೆ.

1706ರಲ್ಲಿ ಬೋಸ್ಟನ್‌ನಲ್ಲಿ ಹುಟ್ಟಿದ ಅವರು, ಫ್ರಾನ್ಸ್‌ನಲ್ಲಿ ರಾಯಭಾರಿಯಾಗಿದ್ದು 1785ರಲ್ಲಿ ಫಿಲಡೆಲ್ಫಿಯಾಗೆ ಮರಳಿದಾಗ ವಯಸ್ಸು 79. ಗೌಟ್‌ನಿಂದ ಕಾಲು ನೋವು, ಮೂತ್ರಕೋಶದಲ್ಲಿ ಕಲ್ಲು. ಗಾಡಿ ಕುಲುಕಿದರೆ ಜೀವ ಹೋದಂಗಾಗೋದು.

ಕಣ್ಣಿನ ಸಮಸ್ಯೆಗೆ ಅಷ್ಟರಲ್ಲೇ ದಾರಿ ಹುಡುಕಿಕೊಂಡಿದ್ದರು. ದೂರಕ್ಕೊಂದು, ಹತ್ತಿರಕ್ಕೊಂದು ಕನ್ನಡಕ ಬದಲಾಯಿಸಿ ಬೇಸತ್ತು, ಎರಡರ ಗಾಜನ್ನೂ ಅರ್ಧಕ್ಕೆ ಕತ್ತರಿಸಿ ಒಂದೇ ಚೌಕಟ್ಟಿಗೆ ಕೂರಿಸಿದರು. ಊಟಕ್ಕೆ ಕೂತಾಗ ತಟ್ಟೆಯೂ ಕಾಣ್ತಿತ್ತು, ಎದುರಿನವರ ತುಟಿಯೂ ಕಾಣ್ತಿತ್ತು. ತುಟಿ ಕಂಡರೆ ಅವರಿಗೆ ಫ್ರೆಂಚ್ ಮಾತು ಸುಲಭವಾಗಿ ಅರ್ಥವಾಗೋದು!

ಮನೆಯಲ್ಲಿ 4000ಕ್ಕೂ ಹೆಚ್ಚು ಪುಸ್ತಕ. ಮೇಲಿನ ಕಪಾಟಿಗೆ ಕೈ ಎಟುಕಲ್ಲ, ಏಣಿ ಹತ್ತೋದು ಅಪಾಯ. ಪ್ರತಿ ಪುಸ್ತಕಕ್ಕೂ ಯಾರನ್ನಾದರೂ ಕೂಗಬೇಕಾ? 1786ರಲ್ಲಿ 8 ಅಡಿ ಉದ್ದದ ಪೈನ್ ಕೋಲಿನ ತುದಿಗೆ ಹೆಬ್ಬೆರಳು, ಬೆರಳಿನ ಹಾಗೆ ಎರಡು ಮರದ ಪಟ್ಟಿ ಜೋಡಿಸಿದರು. ಹಗ್ಗ ಎಳೆದರೆ ಪಟ್ಟಿಗಳು ಪುಸ್ತಕವನ್ನು ಗಟ್ಟಿಯಾಗಿ ಹಿಡ್ಕೊಳ್ತಿದ್ದವು. ಬಗ್ಗಲಾಗದ ಹಿರಿಯರು ಬಿದ್ದ ವಸ್ತು ಎತ್ತಲು ಈಗ ಬಳಸೋ ಇಕ್ಕಳದ ಕೋಲಿಗೆ ಇದು ಅಜ್ಜ. ಓದುವ ಕುರ್ಚಿಗೆ ಕಾಲಿಂದ ತುಳಿದರೆ ಬೀಸೋ ಬೀಸಣಿಗೆಯೂ ಇತ್ತು. ಯಾವುದಕ್ಕೂ ಪೇಟೆಂಟ್ ತಗೊಳ್ಳಲಿಲ್ಲ.

1787ರಲ್ಲಿ ಅಮೆರಿಕದ ಸಂವಿಧಾನ ಬರೆಯಲು ಸೇರಿದ ಸಭೆಯಲ್ಲಿ ಎಲ್ಲರಿಗಿಂತ ಹಿರಿಯ ಸದಸ್ಯರು ಇವರೇ, 81 ವರ್ಷ. ಕುಲುಕದ ಹಾಗೆ ಆಳುಗಳು ಹೊರುವ ಮೇನೆಯಲ್ಲಿ ಕೂತು ಬಂದರು.

ಕೊನೆಗೆ ಹಾಸಿಗೆ ಹಿಡಿದರೂ ಕೆಲಸ ನಿಲ್ಲಲಿಲ್ಲ. ಹಿಂದೆ ತಾವೇ ಗುಲಾಮರನ್ನು ಇಟ್ಟುಕೊಂಡಿದ್ದ ಮನುಷ್ಯ, 1790ರ ಫೆಬ್ರವರಿಯಲ್ಲಿ ಗುಲಾಮಗಿರಿ ನಿಲ್ಲಿಸಿ ಎಂದು ಸಂಸತ್ತಿಗೆ ಹೋದ ಮನವಿಗೆ ಸಹಿ ಹಾಕಿದರು. ಸಂಸತ್ತು ಒಪ್ಪಲಿಲ್ಲ. ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಂದು ಕೋಲು, ಎರಡು ಪಟ್ಟಿ, ಒಂದು ಹಗ್ಗ. ಮೋಟಾರ್ ಇಲ್ಲ, ಸೆನ್ಸರ್ ಇಲ್ಲ. ತನಗೆ ಬೇಕಾದ ಪುಸ್ತಕ ತಾನೇ ತೆಗೆದುಕೊಳ್ಳೋ ಸ್ವಾತಂತ್ರ್ಯ ಮಾತ್ರ ಆ ಅಜ್ಜನಿಗೆ ಉಳೀತು. ಮಿನಿ ಪ್ರಾಜೆಕ್ಟ್‌ಗೆ ವಿಷಯ ಸಿಗ್ತಿಲ್ಲ ಅಂತ ಕೂತಿರೋ ನಾವು, ಈ ಸಲ ಊರಿಗೆ ಹೋದಾಗ ಅಜ್ಜ ಅಜ್ಜಿ ಯಾವ್ಯಾವುದಕ್ಕೆ ಇನ್ನೊಬ್ಬರನ್ನ ಕೂಗ್ತಾರೆ ಅಂತ ಪಟ್ಟಿ ಮಾಡೋಣ.